ಬಂಡೆಗೊಂದು ನಿಲುವಂಗಿ

"ಹೊಟ್ಟೆ ಒಳಗೆ ಎಳ್ಕೋಬೇಡ. ಹಾಗೇ ನಿಂತ್ಕೋ. ಒಂದು ನಿಮಿಷ ಉಸಿರು ಹಿಡ್ಕೋ ಅಂದ್ರೆ ಏನಾಗುತ್ತೆ ನಿನಗೆ?" ಎಂದು ನಮ್ಮ ಅತ್ತಿಗೆ ಗದರುತ್ತಿದ್ದಾಗ, ಶಾಲೆಯ ಹೆಡ್‌ಮಿಸ್ಸು ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಬಂದರು. ಅವರಿಗೆ ಕಂಡದ್ದು ಇಷ್ಟು: ಮೂವತ್ತೊಂದು ವರ್ಷಗಳಿಂದ ತಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿರುವ ಗೌರವಸ್ಥ ಹೆಂಗಸು, ತುಟಿಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು, ಕಂಪ್ಯೂಟರ್ ಪರದೆಯ ಮೇಲೆ ಚಡ್ಡಿಯೊಂದನ್ನು ಬಿಟ್ಟು ಬೇರೇನೂ ತೊಡದ ಗಡ್ಡದ ಗಂಡಸೊಬ್ಬನ ಎದೆಗೆ ಟೇಪು ಹಿಡಿದು ನಿಂತಿದ್ದಾರೆ.

ಅತ್ತಿಗೆ ಗಾಬರಿಯಿಂದ ಪರದೆ ಆರಿಸಲು ಕೈ ಚಾಚಿದರು. ಬೆರಳು ಬೇರೆ ಯಾವುದೋ ಕೀಲಿಯ ಮೇಲೆ ಬಿತ್ತು. ಗಡ್ಡದವನು ಕುಣಿಯತೊಡಗಿದ.

ಹೆಡ್‌ಮಿಸ್ಸು ಕನ್ನಡಕ ಸರಿಮಾಡಿಕೊಂಡು, ಅವನು ಎರಡು ಸುತ್ತು ಕುಣಿದು ನಮಸ್ಕಾರ ಮಾಡುವವರೆಗೂ ತಾಳ್ಮೆಯಿಂದ ನೋಡಿದರು. ಆಮೇಲೆ, "ಇವರು ಯಾವ ಕ್ಲಾಸು?" ಎಂದು ಕೇಳಿದರು.

ನನ್ನ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದು ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದ ನಾನು, ನಗುವುದೋ ಬಿಡುವುದೋ ತಿಳಿಯದೆ ನೂಲಿನ ಉಂಡೆಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸಲು ಶುರುಮಾಡಿದೆ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಅವರ ಅಂಗಡಿ ಮನೆಯ ಮುಂದಿನ ಕೋಣೆ: ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ತಂತಿಗೆ ತೂಗುಬಿದ್ದ ಅರ್ಧ ಹೊಲಿದ ಅಂಗಿಗಳು, ಕನ್ನಡಿಯಂತೆ ಕಾಣಿಸಿದರೂ ಎಲ್ಲರನ್ನೂ ಸ್ವಲ್ಪ ತೆಳ್ಳಗೆ ತೋರಿಸುವ ಒಂದು ವಸ್ತು. ಊರಿನಲ್ಲಿ ಜನರನ್ನು ದಾರಿಗೆ ತರುವವರು ಬೇಕಾದಷ್ಟು ಮಂದಿ ಇದ್ದಾರೆ; ದಾರಕ್ಕೆ ತರುವವರು ಅತ್ತಿಗೆ ಒಬ್ಬರೇ. ನಾನೂರು ಮಕ್ಕಳ ಶಾಲೆಗೆ ಸಮವಸ್ತ್ರ ಹೊಲಿಯುವ ಬೇರೆಯವರು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ರಾಶಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅತ್ತಿಗೆ ನಾನೂರು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಅಳೆಯುತ್ತಾರೆ. ಅವರ ಅಳತೆ ಪುಸ್ತಕವನ್ನು ಓದಿದರೆ ಊರಿನ ಗುಟ್ಟೆಲ್ಲ ತಿಳಿಯುತ್ತದೆ. "ಎಡ ಭುಜ ಇಳಿದಿದೆ, ಹೇಳಬಾರದು." "ಹೊಟ್ಟೆ ಒಳಗೆ ಎಳೆದುಕೊಂಡರು, ಎರಡು ಇಂಚು ಸೇರಿಸುವುದು." "ಬೆಳೆಯುವ ಹುಡುಗಿ, ಅಂಚು ಜಾಸ್ತಿ ಮಡಿಸು." ನನ್ನ ಪುಟವೂ ಅದರಲ್ಲಿದೆ. ಅದರ ವಿಷಯ ಇಲ್ಲಿ ಬೇಡ.

ಪರದೆಯ ಮೇಲಿದ್ದ ಗಡ್ಡದವನ ಹೆಸರು ಬಂಡೆ. ಅವನು ಒಂದು ಆನ್‌ಲೈನ್ ಆಟದೊಳಗಿನ ವ್ಯಕ್ತಿ. ಅವನನ್ನು ಹುಟ್ಟಿಸಿದ್ದು ನಮ್ಮಣ್ಣ. ಬಸ್ ಡಿಪೋದಲ್ಲಿ ಟೈಂಕೀಪರಾಗಿರುವ ಅಣ್ಣ ಎಲ್ಲವನ್ನೂ ಟೈಮಿಗೆ ಸರಿಯಾಗಿ ಬಿಟ್ಟುಬಿಡುತ್ತಾನೆ. ಆಟವನ್ನು ಎಂಟನೇ ದಿನಕ್ಕೆ ಬಿಟ್ಟ. ಒಂದು ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಊಟ ಮುಗಿಸಿದ ಅತ್ತಿಗೆ, ಕಾಡಿನ ನಡುವೆ ಒಂಟಿಯಾಗಿ ನಿಂತಿದ್ದ ಬಂಡೆಯನ್ನು ನೋಡಿ, "ಪಾಪ, ಯಾರೂ ಕೇಳೋರಿಲ್ಲ" ಎಂದು ನಾಲ್ಕು ಹೆಜ್ಜೆ ನಡೆಸಿದರು. ಅದಾಗಿ ನಾಲ್ಕು ವರ್ಷವಾಯಿತು. ಒಂದೂವರೆಯಿಂದ ನಾಲ್ಕು ಗಂಟೆಯವರೆಗೆ ಅವರನ್ನು ಯಾರೂ ಮಾತಾಡಿಸಬಾರದು.

ಬಂಡೆ ಬೆಟ್ಟದ ಕುಲದವನು. ಬೆಟ್ಟದ ಕುಲದವರ ಭುಜ ಬಾಗಿಲಿನಷ್ಟು ಅಗಲ, ಕುತ್ತಿಗೆ ಇಲ್ಲವೆಂದರೂ ನಡೆಯುತ್ತದೆ. ಅವನ ಕೆಲಸ ಗುರಾಣಿ ಹಿಡಿದು ತಂಡದ ಮುಂದೆ ನಿಲ್ಲುವುದು. ಬರುವ ಏಟೆಲ್ಲ ಅವನಿಗೆ. ಹಿಂದಿರುವ ಏಳು ಜನ ಬಾಣ ಬಿಡುತ್ತಾರೆ, ಮಂತ್ರ ಹಾಕುತ್ತಾರೆ, ಗಾಯಕ್ಕೆ ಮದ್ದು ಹಚ್ಚುತ್ತಾರೆ. ನಾನೊಮ್ಮೆ, "ಎಲ್ಲಾ ಬಿಟ್ಟು ಏಟು ತಿನ್ನೋ ಕೆಲಸಾನೇ ಯಾಕೆ ಹಿಡ್ಕೊಂಡ್ರಿ ಅತ್ತಿಗೆ?" ಎಂದು ಕೇಳಿದ್ದೆ.

"ನೋಡೋ," ಎಂದಿದ್ದರು ಅವರು, ಯಾರದೋ ಲಂಗದ ಅಂಚು ಹಿಡಿದು ನೆಲದ ಮೇಲೆ ಮಂಡಿಯೂರಿ. "ಮೂವತ್ತೊಂದು ವರ್ಷದಿಂದ ನಾನು ನೋಡಿರೋದು ಬರೀ ಜನರ ಬೆನ್ನು, ಜನರ ಹಿಮ್ಮಡಿ. ಅಲ್ಲಿ ಏಳು ಜನ ನನ್ನ ಬೆನ್ನು ನೋಡ್ಕೊಂಡು ಬರ್ತಾರೆ. ಅದೊಂದು ಬಿಟ್ಟರೆ ಆ ಆಟದಲ್ಲಿ ನನಗೆ ಇನ್ನೇನೂ ಬೇಡ."

ಈಗ ಆ ಮುಂದಿನ ಜಾಗಕ್ಕೇ ಸಂಚಕಾರ ಬಂದಿತ್ತು.

ತಂಡಕ್ಕೆ ಮೂರು ವರ್ಷ ತುಂಬಿದ ನೆನಪಿಗೆ ಆಟದವರು ಎಂಟೂ ಜನರಿಗೆ ಒಂದೊಂದು ಮುಸ್ಸಂಜೆ ನಿಲುವಂಗಿ ಉಡುಗೊರೆ ಕೊಟ್ಟಿದ್ದರು. ನೇರಳೆ ಬಣ್ಣ, ನೆಲ ಮುಟ್ಟುವ ಉದ್ದ, ಕತ್ತಿನಿಂದ ಪಾದದವರೆಗೆ ನಲವತ್ತೆರಡು ಗುಂಡಿ. ಅಷ್ಟು ಗುಂಡಿ ನಮ್ಮ ಬೀದಿಯಲ್ಲೂ ಇಲ್ಲ. ಅದನ್ನು ತೊಟ್ಟರೆ ಬಲ ಹೆಚ್ಚುವುದಿಲ್ಲ, ಏಟು ಕಡಿಮೆಯಾಗುವುದಿಲ್ಲ, ಬರೀ ಅಂದಕ್ಕೆ. ಏಳು ಜನ ತೊಟ್ಟುಕೊಂಡು ಬೀಗಿದರು. ಅತ್ತಿಗೆ ಬಂಡೆಗೆ ತೊಡಿಸಲು ಹೋದರೆ ಕೆಂಪಕ್ಷರ ಮೂಡಿತು: ಈ ಉಡುಪು ನಿಮ್ಮ ಕುಲಕ್ಕೆ ಸಲ್ಲದು.

ಸಲ್ಲದು ಎಂದ ಮೇಲೆ ಕೊಟ್ಟದ್ದೇಕೆ ಎಂದು ಯಾರಾದರೂ ಕೇಳಬೇಡವೇ? ಬೇರೆಯವರಿಗೆ ದಾಟಿಸುವ ಹಾಗೂ ಇಲ್ಲ, ಎಸೆಯುವ ಹಾಗೂ ಇಲ್ಲ. ಬಂಡೆಯ ಚೀಲದಲ್ಲಿ ಒಂದು ಜಾಗ ಹಿಡಿದುಕೊಂಡು ಅದು ಮಡಿಸಿದ ಹಾಗೇ ಬಿದ್ದಿತ್ತು.

ತಂಡದ ನಾಯಕರು ನಮ್ಮ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಅತ್ತಿಗೆ ದವಡೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಿ ತೆರೆದುಕೊಂಡೇ ಆದ ಪರಿಚಯ. ಅವರು ಕಿವಿಗೆ ಹಾಕುವ ಮೈಕಿನಲ್ಲಿ ಮೆಲ್ಲಗೆ ವಿಷಯ ತೆಗೆದರು.

"ಅಕ್ಕಾ, ಮುಂದಿನ ತಿಂಗಳು ಮೂರನೇ ಭಾನುವಾರ ಕಪ್ಪುಕೋಟೆಗೆ ನುಗ್ತೀವಿ. ಬಾಗಿಲಲ್ಲಿ ಎಂಟೂ ಜನ ಒಂದೇ ನಿಲುವಂಗೀಲಿ ನಿಂತು ಫೋಟೋ. ಎಲ್ಲರೂ ವೋಟ್ ಹಾಕಿ ಆಗೋಯ್ತು."

"ನನಗೆ ಬರಲ್ವಲ್ಲ ಅದು."

"ಅದಕ್ಕೇ ಹೇಳ್ತಿರೋದು. ರೂಪಾಂತರದ ಓಲೆ ಅಂತ ಸಿಗುತ್ತೆ. ಬಂಡೇನ ತೆಳ್ಳಗಿನ ಮನುಷ್ಯ ಮಾಡ್ಕೊಳ್ಳಿ. ಹತ್ತೇ ನಿಮಿಷ, ನೋವೇ ಆಗಲ್ಲ."

"ನನ್ನ ಹಲ್ಲು ಕೀಳೋವಾಗಲೂ ಹೀಗೇ ಅಂದಿದ್ರಿ. ಮತ್ತೆ ಹಳೇ ಮೈ ಬೇಕು ಅಂದ್ರೆ?"

"ವಾಪಸ್ ಬರಲ್ಲ ಅದು."

"ಹಲ್ಲಿನ ಥರಾನೇ. ಬೇಡ ಡಾಕ್ಟ್ರೇ."

"ಹಾಗಾದ್ರೆ ಆವತ್ತೊಂದು ದಿನ ಗುರಾಣಿಗೆ ನಮ್ಮ ಭಾಮೈದ ಇದ್ದಾನೆ. ಅವನ ಹಳೇ ತಂಡದಲ್ಲಿ ಅವನಿಗೂ ಇದೇ ನಿಲುವಂಗಿ ಸಿಕ್ಕಿತ್ತು, ಚೆನ್ನಾಗಿ ಕೂರುತ್ತೆ. ನೀವು ಬೇಜಾರು ಮಾಡ್ಕೋಬಾರ್ದು."

ಒಂದು ದಿನಕ್ಕೆಂದು ಬಂದು ಕುಳಿತ ಭಾಮೈದ ಯಾವ ಮನೆಯಿಂದ ಎದ್ದು ಹೋಗಿದ್ದಾನೆ? ಅತ್ತಿಗೆಗೂ ಅದು ಗೊತ್ತಿತ್ತು. ಆ ಭಾಮೈದ ಎರಡು ಏಟು ಬಿದ್ದರೆ ಗುರಾಣಿಯನ್ನು ಬೆನ್ನಿಗೆ ಕಟ್ಟಿಕೊಂಡು ಓಡುವವನೆಂದು ಖ್ಯಾತಿ. ಆದರೆ ತೆಳ್ಳಗಿದ್ದ.

ಮರುದಿನವೇ ನನಗೆ ಕರೆ ಬಂತು. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನಮ್ಮ ಮನೆತನದ ಇಂಗ್ಲಿಷ್ ಅರ್ಜಿಗಳೆಲ್ಲ ನನ್ನ ತಲೆಗೇ. ನೀರಿನ ಮೀಟರು, ವಿಮೆ, ಅಣ್ಣನ ರಜೆ, ಈಗ ಬಂಡೆ. ಆಟದ ಕಂಪನಿಯ ನೆರವು ವಿಭಾಗಕ್ಕೆ ಅತ್ತಿಗೆ ಹೇಳಿದ್ದನ್ನು ನಾನು ಬರೆದೆ. ನಿಲುವಂಗಿಯ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿದೆ. ಇಂಗ್ಲಿಷಿನಲ್ಲಿ ಅದು ಯಾರಿಗೂ ನಗು ತರಿಸಲಿಲ್ಲ. ಮೂರು ದಿನದ ಮೇಲೆ ಉತ್ತರ ಬಂತು: "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ." ಕೆಳಗೆ ಹೆಸರಿಲ್ಲ, ನೆರವಿನ ಗೆಳೆಯ ಎಂದಷ್ಟೇ.

"ಅಮೂಲ್ಯ ಅಂದ್ರೆ?" ಎಂದರು ಅತ್ತಿಗೆ.

"ಬೆಲೆ ಕಟ್ಟಲ್ಲ ಅಂತ."

"ಇನ್ನೊಂದು ಬರಿ."

ಇನ್ನೊಂದು ಬರೆದೆ. ಮತ್ತೊಂದು ಬರೆದೆ. ನಾಲ್ಕನೆಯದಕ್ಕೆ ನೆರವಿನ ಗೆಳೆಯ ಸ್ವಲ್ಪ ಬಾಯಿ ಬಿಟ್ಟ. ಬೆಟ್ಟದ ಕುಲದವರ ಭುಜ ಅಗಲವಾಗಿರುವುದರಿಂದ ಅವರು ಬೆನ್ನಿಗೆ ಗುರಾಣಿ ತೂಗುಹಾಕಿದಾಗ ಅದು ನಿಲುವಂಗಿಯ ಬಟ್ಟೆಯೊಳಗಿಂದ ತೂರಿಕೊಂಡು ಹೊರಗೆ ಬಂದಂತೆ ಕಾಣುತ್ತದೆ. ಹಾಗೆ ಕಾಣುವುದು ಸಹಜವಲ್ಲ. ಆದ್ದರಿಂದ ಈ ನಿರ್ಬಂಧ.

ಸಹಜ! ಆ ಲೋಕದಲ್ಲಿ ಕಪ್ಪೆಯೊಂದು ನ್ಯಾಯಾಧೀಶನಾಗಿ ತೀರ್ಪು ಕೊಡುತ್ತದೆ. ನರಿ ಔಷಧಿ ಅಂಗಡಿ ಇಟ್ಟಿದೆ. ಎಂಟು ಕಾಲಿನ ಕುದುರೆ ಏರಿ ಕೆರೆಗೆ ಹಾರಿದರೆ ಆಚೆ ದಡದಲ್ಲಿ ಕೂದಲೂ ನೆನೆಯದೆ ಏಳಬಹುದು. ಸತ್ತವರು ಮೂವತ್ತು ಎಣಿಸುವುದರೊಳಗೆ ಎದ್ದು, ಎಲ್ಲಿಗೆ ಬಂದಿತ್ತು ಮಾತು ಎಂದು ಕೇಳುತ್ತಾರೆ. ಇಷ್ಟೆಲ್ಲ ಸಹಜ. ದಪ್ಪಗಿರುವವನೊಬ್ಬ ಉದ್ದನೆಯ ಅಂಗಿ ತೊಟ್ಟರೆ ಮಾತ್ರ ಲೋಕದ ನಂಬಿಕೆಯೇ ಕುಸಿದುಬೀಳುತ್ತದೆ. ನಾನು ಓದಿದ ಶಾಲೆಯಲ್ಲಿ ಸಿಸ್ಟರೊಬ್ಬರು ಅಡಿಪಟ್ಟಿ ಹಿಡಿದು ನಮ್ಮ ಕಾಲುಚೀಲ ಮೊಣಕಾಲಿನಿಂದ ಎಷ್ಟು ಕೆಳಗಿದೆ ಎಂದು ಅಳೆಯುತ್ತಿದ್ದರು. ಆದರೆ ಅವರು, ನಿನ್ನ ಕಾಲು ದಪ್ಪ, ನಿನಗೆ ಚೀಲವೇ ಇಲ್ಲ ಎಂದು ಯಾರಿಗೂ ಹೇಳಿದವರಲ್ಲ.

ಅತ್ತಿಗೆಗೆ ಬಂದ ಸಿಟ್ಟು ಬೇರೆ ಬಗೆಯದು. ಅದು ವೃತ್ತಿಯ ಸಿಟ್ಟು.

"ಭುಜ ಅಗಲ ಅಂತ ಹೊಲಿಯಲ್ವಂತೆ. ಕೇಳಿಸ್ಕೊಂಡ್ಯಾ? ಭುಜ ಅಗಲ ಅಂತ ನಾನು ಯಾರನ್ನಾದ್ರೂ ವಾಪಸ್ ಕಳಿಸಿದೀನಾ? ಗೂನು ಬೆನ್ನಿನವರಿಗೆ ಹೊಲಿದಿದೀನಿ, ಕೈ ಮುರ್ಕೊಂಡವರಿಗೆ ಬ್ಯಾಂಡೇಜ್ ಸಮೇತ ಹೊಲಿದಿದೀನಿ. ನಿಮ್ಮಣ್ಣನಿಗೆ ಇಪ್ಪತ್ತೇಳು ವರ್ಷದಿಂದ ಹೊಲೀತಿದೀನಿ. ಬಟ್ಟೆ ತೂರುತ್ತೆ ಅಂದ್ರೆ ಅದು ಮೈದು ತಪ್ಪಲ್ಲ. ದರ್ಜೀದು ಸೋಮಾರಿತನ."

"ಅವರು ದರ್ಜಿಗಳಲ್ಲ ಅತ್ತಿಗೆ, ಕಂಪ್ಯೂಟರ್ ಎಂಜಿನಿಯರ್‌ಗಳು."

"ಬಟ್ಟೆ ಮಾಡಿದ್ಮೇಲೆ ದರ್ಜೀನೇ."

ಹೀಗೆ ಶುರುವಾಯಿತು ಆ ಅಳತೆ. ಬಂಡೆಯ ಚರ್ಮದ ಕವಚ, ಮೊಣಕೈ ಪಟ್ಟಿ ಎಲ್ಲ ಕಳಚಿಸಿ, ಪರದೆಯ ಮೇಲೆ ಟೇಪು ಇಟ್ಟು, ಎದೆ ನಾಲ್ಕೂಕಾಲು ಇಂಚು, ಭುಜ ಐದು ಇಂಚು ಎಂದು ಅಳತೆ ಪುಸ್ತಕದಲ್ಲಿ ಅವನಿಗೂ ಒಂದು ಪುಟ ತೆರೆದರು. ಆಟದೊಳಗಿನವರು ಸುಮ್ಮನೆ ನಿಂತಾಗಲೂ ಉಸಿರಾಡುತ್ತಾ ಹಿಂದೆ ಮುಂದೆ ತೂಗುತ್ತಿರುತ್ತಾರೆ. "ನಿಲ್ಲುವುದಿಲ್ಲ, ಕಾಲಿಂಚು ಬಿಡುವುದು" ಎಂದು ಷರಾ ಬರೆದರು. ಹೆಡ್‌ಮಿಸ್ಸು ಒಳಗೆ ಬಂದದ್ದು ಆಗಲೇ. ಅವರ ಪ್ರಶ್ನೆಗೆ ಅತ್ತಿಗೆ ಕೊನೆಗೂ ಪಿನ್ನು ತೆಗೆದು, "ಹೊರಗಿನವರು ಮಿಸ್, ಅರ್ಜೆಂಟು" ಎಂದರು. ಹೆಡ್‌ಮಿಸ್ಸು, "ಮಕ್ಕಳದ್ದು ಮುಗಿಸಿ ಇವರದ್ದು ತಗೊಳ್ಳಿ" ಎಂದು ಹೇಳಿ ಹೊರಟರು.

ಆ ಅಳತೆಯನ್ನು ಹಿಗ್ಗಿಸಿ ನೋಡಿದಾಗ ಅದು ನಮ್ಮಣ್ಣನ ಅಳತೆಗೆ ಹೆಚ್ಚುಕಡಿಮೆ ಸರಿಹೋಯಿತು. ಅಣ್ಣನಿಗೆ ಇದರಿಂದ ಸಂತೋಷವಾಗಲಿಲ್ಲ.

ಶಾಲೆಯ ಹಾಡಿನ ತಂಡಕ್ಕೆ ಹೊಲಿದು ಉಳಿದಿದ್ದ ನೇರಳೆ ಬಟ್ಟೆಯಲ್ಲಿ ನಿಲುವಂಗಿ ಸಿದ್ಧವಾಯಿತು. ಬೆನ್ನಿನ ನಡುವೆ, ಮಡಿಕೆಯೊಂದರ ಹಿಂದೆ ಕಾಣದಂತೆ, ಒಂದು ಉದ್ದನೆಯ ಸೀಳು. ಗುರಾಣಿಯ ಪಟ್ಟಿ ಆ ಸೀಳಿನೊಳಗಿಂದ ಬಂದು ಹೊರಗೆ ಸಿಗಬೇಕು. ಗುರಾಣಿ ಬಟ್ಟೆಯ ಮೇಲೆ ಕೂರಬೇಕೇ ಹೊರತು ತೂರಬಾರದು. ಒಂದು ಶನಿವಾರ ಬೆಳಿಗ್ಗೆ ಅಣ್ಣನನ್ನು ಕತ್ತರಿಸುವ ಮೇಜಿನ ಮೇಲೆ ಹತ್ತಿಸಿದರು. ಬೆನ್ನಿಗೆ ನೀರು ಕಾಯಿಸುವ ದೊಡ್ಡ ಹಂಡೆಯ ಮುಚ್ಚಳ, ಕೈಗೆ ಮರದ ಅಡಿಪಟ್ಟಿ. ನಲವತ್ತೆರಡು ಗುಂಡಿ ಹಾಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಕ್ಯಾಮೆರಾ ನನ್ನ ಕೈಯಲ್ಲಿ.

"ರೀ, ಕತ್ತಿ ಬೀಸಿ."

ಅಣ್ಣ ಬೀಸಿದ. ತಂತಿಯ ಮೇಲಿದ್ದ ಮೂರು ಅಂಗಿ ಬಿದ್ದವು.

"ಇನ್ನೂ ಜೋರಾಗಿ. ಕಂಕುಳಲ್ಲಿ ಹಿಡಿಯುತ್ತಾ?"

"ಕಂಕುಳಲ್ಲಲ್ಲ ಕಣೇ, ಮಾನದಲ್ಲಿ ಹಿಡೀತಿದೆ. ಡಿಪೋದವರು ಯಾರಾದ್ರೂ ನೋಡಿದ್ರೆ ನಾನು ನಾಳೆಯಿಂದ ಯಾವ ಮುಖ ಇಟ್ಕೊಂಡು ಬಸ್ಸಿಗೆ ಟೈಮ್ ಹಾಕ್ಲಿ?"

"ಮುಖಕ್ಕೆ ಏನೂ ಆಗಿಲ್ಲ, ಅದು ಮೊದಲಿಂದ್ಲೂ ಹಾಗೇ ಇದೆ. ಬಗ್ಗಿ. ಏಳಿ. ಮುಚ್ಚಳ ತೂರ್ತಾ?"

"ಇಲ್ಲ."

"ಬರ್ಕೋ," ಎಂದರು ನನಗೆ. "ಬಗ್ಗಿದಾಗ ತೂರಿಲ್ಲ. ಎದ್ದಾಗ ತೂರಿಲ್ಲ. ನಿಂತಿರೋ ಮನುಷ್ಯ ನಲವತ್ತೆಂಟು ಇಂಚು ಎದೆ, ಐವತ್ತೇಳು ವರ್ಷ, ಬಿ.ಪಿ. ಇದೆ."

"ಬಿ.ಪಿ. ಯಾಕೆ?"

"ಅಳತೆ ಅಂದ್ಮೇಲೆ ಪೂರ್ತಿ ಇರಬೇಕು."

ಮುಂದೆ, ಹಿಂದೆ, ಎಡ, ಬಲ, ಬಗ್ಗಿದ್ದು, ಬೀಸಿದ್ದು ಎಂದು ಹನ್ನೊಂದು ಫೋಟೋ, ಜೊತೆಗೆ ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕತ್ತರಿಸುವ ನಕ್ಷೆಯ ಚಿತ್ರ, ಇಷ್ಟನ್ನೂ ಕಳಿಸಿದೆವು. ಕಂಕುಳ ತುಂಡು, ಒಳಮಡಿಕೆ, ಓರೆ ಪಟ್ಟಿ ಇವುಗಳಿಗೆಲ್ಲ ಇಂಗ್ಲಿಷ್ ಹುಡುಕಿ ನನ್ನ ಕಾನ್ವೆಂಟ್ ವಿದ್ಯೆಯ ಹೊಲಿಗೆಯೇ ಬಿಚ್ಚಿಹೋಯಿತು.

ಈ ಸಲ ಉತ್ತರ ಒಂದೇ ದಿನದಲ್ಲಿ ಬಂತು. ನೆರವಿನ ಗೆಳೆಯನಿಂದಲ್ಲ, ಕಾನೂನು ವಿಭಾಗದಿಂದ. ಮುಸ್ಸಂಜೆ ನಿಲುವಂಗಿಯ ವಿನ್ಯಾಸ ತಮ್ಮ ಆಸ್ತಿಯೆಂದೂ, ಫೋಟೋದಲ್ಲಿರುವ ವ್ಯಕ್ತಿ ಅದನ್ನು ಅನುಮತಿಯಿಲ್ಲದೆ ತೊಟ್ಟಿರುವುದು ಕಂಡುಬಂದಿದೆಯೆಂದೂ, ಅವರು ಕೂಡಲೇ ಅದನ್ನು ಕಳಚಬೇಕೆಂದೂ ತಿಳಿಸಿದ್ದರು.

ಅಣ್ಣ ಆ ಪತ್ರವನ್ನು ಎರಡು ಸಲ ಓದಿಸಿ ಕೇಳಿದ. "ನಾನು ಆವತ್ತೇ ಕಳಚಿದೀನಿ ಅಂತ ಬರಿ," ಎಂದ. "ದಿನಾಂಕ, ಟೈಮು ಎರಡೂ ಹಾಕು."

ಅತ್ತಿಗೆ ಯಂತ್ರದ ಮುಂದೆ ಕುಳಿತು ಆ ವಾರವೆಲ್ಲ ಮಕ್ಕಳ ಅಂಗಿಗಳಿಗೆ ಕಾಲರ್ ಹಚ್ಚಿದರು. ಮಧ್ಯಾಹ್ನ ಆಟಕ್ಕೆ ಕುಳಿತರೂ ಮೈಕು ಹಾಕಿಕೊಳ್ಳಲಿಲ್ಲ. ಒಂದು ದಿನ ನಾನು ಹೋದಾಗ ಪರದೆಯಲ್ಲಿ ರೂಪಾಂತರದ ಓಲೆ ತೆರೆದಿತ್ತು. ಎಡಗಡೆ ಬಂಡೆ, ಬಲಗಡೆ ಅವನಾಗಬಹುದಾದ ತೆಳ್ಳಗಿನ ಮನುಷ್ಯ. ತಂತಿಗೆ ಒಣಹಾಕಿದ ಬಟ್ಟೆಯಂಥ ಇಳಿಬಿದ್ದ ಭುಜ. ಕೆಳಗೆ ಒಪ್ಪಿಗೆ, ನಿರಾಕರಣೆ ಎಂಬ ಎರಡು ಗುಂಡಿ. ಅತ್ತಿಗೆ ಎರಡನ್ನೂ ಒತ್ತದೆ ಕೈಕಟ್ಟಿ ಕುಳಿತಿದ್ದರು.

"ಮುಂದೆ ನಿಲ್ಲಬೇಕು ಅಂದ್ರೆ ಇವನಾಗಬೇಕು," ಎಂದರು. "ಇವನಾದ್ರೆ ಮುಂದೆ ನಿಂತಿರೋದು ನಾನು ಹೇಗಾಗ್ತೀನಿ?"

ಭಾನುವಾರಕ್ಕೆ ಐದು ದಿನ ಉಳಿದಿತ್ತು. ಅವರು ನಿರಾಕರಣೆ ಒತ್ತಿ, "ಭಾಮೈದನೇ ನಿಲ್ಲಲಿ" ಎಂದು ಎದ್ದು ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟರು.

ಪ್ರತಿ ಗುರುವಾರ ಬೆಳಿಗ್ಗೆ ಆಟಕ್ಕೆ ಬೀಗ ಹಾಕಿ ರಿಪೇರಿ ಮಾಡುತ್ತಾರೆ. ತೆರೆದ ಮೇಲೆ ಏನೇನು ಬದಲಾಯಿತು ಎಂದು ಉದ್ದನೆಯ ಪಟ್ಟಿ ಹಾಕುತ್ತಾರೆ. ಅತ್ತಿಗೆ ಅದನ್ನು ಓದುವವರಲ್ಲ. ಆ ಗುರುವಾರ ನಾನೇ ಸುಮ್ಮನೆ ಓದಿದೆ. ಹದಿನೆಂಟನೆಯದು: ನ್ಯಾಯಾಧೀಶ ಕಪ್ಪೆಯ ಗಂಟಲು ಸರಿಪಡಿಸಲಾಗಿದೆ. ಹತ್ತೊಂಬತ್ತನೆಯದು: ಮುಸ್ಸಂಜೆ ನಿಲುವಂಗಿಯನ್ನು ಇನ್ನು ಮುಂದೆ ಎಲ್ಲ ಕುಲದವರೂ ತೊಡಬಹುದು, ಬೆನ್ನಿನಲ್ಲಿ ಸೀಳು ಸೇರಿಸಲಾಗಿದೆ.

ಯಾರ ಸೀಳು, ಯಾರ ನಕ್ಷೆ, ಒಂದು ಮಾತಿಲ್ಲ. ನಾನು ಕೊತಕೊತ ಕುದಿಯುತ್ತಾ ಅಂಗಡಿಗೆ ಓಡಿದೆ. "ನಿಮ್ಮದೇ ಅತ್ತಿಗೆ. ನಿಮ್ಮ ಕಟಿಂಗೇ ಕದ್ದಿದ್ದಾರೆ. ಕೂತ್ಕೊಳ್ಳಿ, ನಾವೂ ಒಂದು ಕಾನೂನು ಪತ್ರ ಬರೆಯೋಣ."

"ಸೀಳು ಎಲ್ಲಿ ಇಟ್ಟಿದ್ದಾರೆ?"

"ನಡುಬೆನ್ನಲ್ಲಿ."

"ಸರಿಯಾಗಿ ಇಟ್ಟಿದ್ದಾರೆ ಬಿಡು," ಎಂದು ಅವರು ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದರು.

ಭಾನುವಾರ ಮಧ್ಯಾಹ್ನ ಅಣ್ಣನೂ ನಾನೂ ಅವರ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತೆವು. ಕಪ್ಪುಕೋಟೆಯ ಬಾಗಿಲಲ್ಲಿ ಏಳು ನೇರಳೆ ನಿಲುವಂಗಿಗಳು ಕಾಯುತ್ತಿದ್ದವು. ಏಳರಾಚೆ, ಮೊದಲೇ ಆಗಿದ್ದ ಮಾತಿನಂತೆ ಬಂದು, ಗುರಾಣಿ ಹಿಡಿದುಕೊಂಡು ಭಾಮೈದನೂ ನಿಂತಿದ್ದ. ಅತ್ತಿಗೆ ಮೈಕು ಹಾಕಿಕೊಂಡರು. ಚೀಲ ತೆರೆದು ನಿಲುವಂಗಿಯ ಮೇಲೆ ಒತ್ತಿದರು. ಕೆಂಪಕ್ಷರ ಬರಲಿಲ್ಲ. ಬಂಡೆಯ ಮೈಮೇಲೆ ಕತ್ತಿನಿಂದ ಪಾದದವರೆಗೆ ನೇರಳೆ ಇಳಿಯಿತು. ಬೆನ್ನಿಗೆ ಗುರಾಣಿ ಹಾಕಿದರು. ಅದು ಬಟ್ಟೆಯ ಮೇಲೆ ಅಚ್ಚುಕಟ್ಟಾಗಿ ಕುಳಿತಿತು.

"ತೂರಿಲ್ಲ," ಎಂದ ಅಣ್ಣ, ಅನುಭವಸ್ಥನ ದನಿಯಲ್ಲಿ.

"ಅಕ್ಕಾ, ಜೋರಾಗಿದ್ದೀರಿ," ಎಂದರು ಹಲ್ಲಿನ ಡಾಕ್ಟರು. "ಬನ್ನಿ, ನಿಮ್ಮ ಜಾಗಕ್ಕೆ ಬನ್ನಿ. ಏಯ್, ನೀನು ಪಕ್ಕಕ್ಕೆ ಹೋಗೋ."

ಭಾಮೈದ ಪಕ್ಕಕ್ಕೆ ಹೋದ. ಫೋಟೋ ಆಯಿತು. ಬಾಗಿಲು ತೆರೆಯಿತು. ಬಂಡೆ ಮುಂದೆ, ಏಳು ಜನ ಹಿಂದೆ. ಇತ್ತ ಅತ್ತಿಗೆಯ ಬೆನ್ನು ಎಂದೂ ಇಲ್ಲದಷ್ಟು ನೆಟ್ಟಗಿತ್ತು. ನಾನೂ ಸ್ಟೂಲಿನ ಮೇಲೆ ಸ್ವಲ್ಪ ನೆಟ್ಟಗೆ ಕುಳಿತೆ. ಆರು ಪತ್ರ ಬರೆದವನು ನಾನು.

ಮೊದಲ ಮೊಗಸಾಲೆಯ ತಿರುವು ದಾಟಿದ್ದೇ ತಡ, ಅತ್ತಿಗೆ ಚೀಲ ತೆರೆದರು. ನಿಲುವಂಗಿ ಮಾಯವಾಯಿತು. ಬಂಡೆ ಮತ್ತೆ ಹಳೆಯ ಚರ್ಮದ ಕವಚದಲ್ಲಿ, ಬರಿ ತೋಳಿನಲ್ಲಿ, ಗುರಾಣಿ ಎತ್ತಿ ಮುಂದೆ ನಡೆದ.

ಅಣ್ಣ ನನ್ನ ಮುಖ ನೋಡಿದ. ನಾನು ಅಣ್ಣನ ಮುಖ ನೋಡಿದೆ.

"ಅತ್ತಿಗೆ," ಎಂದೆ ನಾನು, "ಒಂದೂವರೆ ತಿಂಗಳು ಹೊಡೆದಾಡಿ ಪಡ್ಕೊಂಡಿದ್ದು. ಎರಡು ನಿಮಿಷಕ್ಕೆ ಯಾಕೆ ಬಿಚ್ಚಿದ್ರಿ?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನೇರಳೆ ಅವನಿಗೆ ಒಪ್ಪಲ್ಲ ಕಣೋ. ನನಗೆ ಮೊದಲನೇ ದಿನಾನೇ ಗೊತ್ತಿತ್ತು."